33 ಇಂಚಿನ ಟೈರ್ ಹಾಕಿದರೆ ಕ್ರೌನ್-ಪಿನಿಯನ್ ಬದಲಿಸಲೇಬೇಕಾ?

ಪ್ರಶ್ನೆ: ನಾನು ಮುಂಡರಗಿ ತಾಲ್ಲೂಕಿನ ರೈತ. ಕಪ್ಪತಗುಡ್ಡದ ಬುಡದಲ್ಲಿ ಹೊಲ ಇದೆ. 2016ರ ಥಾರ್ ಸಿಆರ್‌ಡಿಇ ಗಾಡಿ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ. ಅದಕ್ಕೇ ಗೆಳೆಯನ ಹತ್ತಿರ ಇದ್ದ 285/75 ಆರ್ 16 ಟೈರ್‌ಗಳನ್ನು ರಿಮ್ ಸಮೇತ ತಂದು ಒಂದು ತಿಂಗಳು ಓಡಿಸಿ ನೋಡಿದೆ. ಗದಗ-ಹುಬ್ಬಳ್ಳಿ ರಸ್ತೆಯಲ್ಲಿ ಐದನೇ ಗೇರಿನಲ್ಲಿ ಎಳೆಯಲೇ ಇಲ್ಲ, ಪದೇ ಪದೇ ನಾಲ್ಕಕ್ಕೆ ಇಳಿಸಬೇಕಾಯಿತು. ಮೈಲೇಜ್ 12.5ರಿಂದ 10.5ಕ್ಕೆ ಬಂತು. ಹೆಸರುಕಾಳಿನ ಚೀಲ ಹೇರಿದ ಸಣ್ಣ ಟ್ರೇಲರ್ ಎಳೆದುಕೊಂಡು ಹಳ್ಳದ ದಂಡೆ ಹತ್ತಿಸುವಾಗ ಕ್ಲಚ್ ಸುಟ್ಟ ವಾಸನೆ ಬಂತು. ಒಬ್ಬ ಮೆಕ್ಯಾನಿಕ್ 4.88 ರೇಶಿಯೋದ ಸೆಕೆಂಡ್ ಹ್ಯಾಂಡ್ ಕ್ರೌನ್-ಪಿನಿಯನ್ ಇದೆ, ಹಿಂದಿನ ಆಕ್ಸಲ್‌ಗೆ ಹಾಕಿಕೊಡ್ತೀನಿ, ಮುಂದಿನದು ಆಮೇಲೆ ನೋಡೋಣ ಅಂತಾರೆ. ಇನ್ನೊಬ್ಬರು ಅದೆಲ್ಲ ಬೇಡ, ಇಂಜಿನ್ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದರೆ ಸಾಕು ಅಂತಾರೆ. ಗೆಳೆಯ ಟೈರ್ ಮಾರುವುದಕ್ಕೂ ತಯಾರಿದ್ದಾನೆ. ಏನು ಮಾಡಲಿ?

ಉತ್ತರ: ಆ ಸೆಕೆಂಡ್ ಹ್ಯಾಂಡ್ ಸೆಟ್‌ಗೆ ಮುಂಗಡ ಕೊಟ್ಟಿದ್ದರೆ ಮೊದಲು ಅದನ್ನು ವಾಪಸ್ ಇಸಿದುಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಗೊತ್ತಿಲ್ಲದವರಿಗೆ ಒಂದು ಮಾತು: ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್. ಕ್ರೌನ್ ಹಲ್ಲಿನ ಸಂಖ್ಯೆಯನ್ನು ಪಿನಿಯನ್ ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ರೇಶಿಯೋ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ಹಾವೇರಿ ಕಡೆಯಿಂದ ಒಂದು ಹಳೇ ಜೀಪ್ ನಮ್ಮ ಗ್ಯಾರೇಜಿಗೆ ಬಂದಿತ್ತು. ಮಾಲೀಕರು ಪ್ರೀತಿಯಿಂದ ಕಟ್ಟಿಸಿದ ಗಾಡಿ. ಮುಂದಿನ ಆಕ್ಸಲ್ ಒಂದು ಗುಜರಿಯಿಂದ, ಹಿಂದಿನದು ಇನ್ನೊಂದು ಕಡೆಯಿಂದ ತಂದಿದ್ದರು. ಫೋರ್ ವೀಲ್ ಹಾಕಿದರೆ ಸ್ಟೇರಿಂಗ್ ಬಿಗಿಯಾಗುತ್ತಿತ್ತು, ಲಿವರ್ ವಾಪಸ್ ಬರುತ್ತಿರಲಿಲ್ಲ, ರಿವರ್ಸ್ ತೆಗೆದುಕೊಂಡರೆ ಮಾತ್ರ ಬಿಡುತ್ತಿತ್ತು. ಬಿಚ್ಚಿ ನೋಡಿದರೆ ಟ್ರಾನ್ಸ್‌ಫರ್ ಕೇಸ್‌ನೊಳಗೆ (ಎರಡೂ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಹಲ್ಲು ಮುರಿದ ಗೇರ್, ಆಯಿಲ್ ತುಂಬಾ ಬೆಳ್ಳಿ ಬಣ್ಣದ ಕಬ್ಬಿಣದ ಪುಡಿ. ಆಕ್ಸಲ್‌ಗಳ ಕವರ್ ತೆಗೆದು ಕ್ರೌನ್ ಒರೆಸಿ ನೋಡಿದೆವು. ಹಿಂದಿನದರ ಮೇಲೆ 43-8 ಅಂತ ಒತ್ತಿತ್ತು. ಮುಂದಿನದರ ಮೇಲೆ 39-8. ಅಂದರೆ ಹಿಂದೆ 5.38, ಮುಂದೆ 4.88. ಯುದ್ಧಕಾಲದ ವಿಲ್ಲೀಸ್ ಜೀಪಿಗೆ 4.88 ಇರುತ್ತಿತ್ತು, ಆಮೇಲಿನ ಸಿಜೆ ಜೀಪುಗಳಿಗೆ 5.38 ಬಂತು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಲೆಕ್ಕ ಮಾಡಿ ನೋಡಿ. ಆ ಜೀಪಿನ ಟೈರ್ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ನೂರು ಮೀಟರ್ ಹೋಗುವಷ್ಟರಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಆ ಪೆಟ್ಟಿಗೆಯಿಂದ ಆಕ್ಸಲ್‌ಗೆ ಹೋಗುವ ಉದ್ದ ದಂಡ) 234 ಸುತ್ತು ತಿರುಗಬೇಕು, ಮುಂದಿನದು 212. ಆದರೆ ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟ್ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ, ಒಂದೇ ವೇಗದಲ್ಲಿ ತಿರುಗಲೇಬೇಕು. ನೂರು ಮೀಟರಿಗೆ 22 ಸುತ್ತಿನ ಜಗಳ. ಮಣ್ಣಿನಲ್ಲಾದರೆ ಟೈರ್ ಜಾರಿ ಸ್ವಲ್ಪ ಸರಿದೂಗಿಸುತ್ತದೆ. ಡಾಂಬರಿನ ಮೇಲೆ ಜಾರುವುದಿಲ್ಲ, ಎಲ್ಲೋ ಒಂದು ಕಡೆ ಮುರಿಯುತ್ತದೆ. ನಿಮಗೆ ಹೇಳಿರುವ ಉಪಾಯವೂ ಇದೇ. ಹಿಂದೆ ಮಾತ್ರ 4.88 ಹಾಕಿದ ದಿನದಿಂದ ನಿಮ್ಮ ಥಾರ್ ಟೂ ವೀಲ್ ಗಾಡಿ ಅಂತ ತಿಳಿಯಿರಿ. ಹೂತುಕೊಂಡಾಗ ಬೇಕಾಗುವ ಫೋರ್ ವೀಲ್ ಅನ್ನೇ ಕಳೆದುಕೊಂಡಂತೆ ಆಯಿತಲ್ವಾ? ಎರಡೂ ಆಕ್ಸಲ್ ಒಂದೇ ರೇಶಿಯೋ ಇರಲೇಬೇಕು. 4.10 ಮತ್ತು 4.11ರಂಥ ಕೂದಲೆಳೆ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ನಡೆಯುವುದಿಲ್ಲ.

ಇನ್ನು ದೊಡ್ಡ ಟೈರ್ ಹಾಕಿದಾಗ ಏನಾಯಿತು ಅನ್ನೋದನ್ನು ನೋಡೋಣ. "ಇಂಜಿನ್ ಪವರ್ ಕಮ್ಮಿ ಆಯ್ತು" ಅಂತ ಎಲ್ಲರೂ ಹೇಳುತ್ತಾರೆ. ಇಂಜಿನ್ ಇದ್ದ ಹಾಗೇ ಇದೆ, ಬದಲಾಗಿದ್ದು ಅಳತೆ. ನಿಮ್ಮ ಗಾಡಿಯ ಜೊತೆ ಬಂದ ಟೈರ್ 235/70 ಆರ್ 16. ಅದರ ಪೂರ್ತಿ ಎತ್ತರ ಸುಮಾರು 735 ಮಿ.ಮೀ. ಗೆಳೆಯನ ಟೈರ್ 834 ಮಿ.ಮೀ., ಅಂದರೆ ಸುಮಾರು 33 ಇಂಚು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.134. ಅಂದರೆ ಪ್ರತಿ ಸುತ್ತಿಗೆ ಗಾಡಿ 13 ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ. ಎಲ್ಲಾ ಗೇರ್ ಅಷ್ಟಷ್ಟು ಉದ್ದ ಆದ ಹಾಗೆ. ಸೈಕಲ್ಲಿನಲ್ಲಿ ಹಿಂದಿನ ಸಣ್ಣ ಚಕ್ರಕ್ಕೆ ಚೈನ್ ಹಾಕಿ ಏರು ಹತ್ತಿದ ಹಾಗೆ. ಕಾಲಿನ ಬಲ ಅಷ್ಟೇ ಇರುತ್ತದೆ, ಪೆಡಲ್ ಭಾರ ಆಗುತ್ತದೆ.

ನಿಮ್ಮ ಇಂಜಿನ್‌ಗೆ 247 ನ್ಯೂಟನ್ ಮೀಟರ್ ಟಾರ್ಕ್ ಇದೆ, ಆದರೆ ಅದು ಪೂರ್ತಿ ಸಿಗುವುದು 1800ರಿಂದ 2000 ಆರ್‌ಪಿಎಂ ನಡುವೆ. ಅದರ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಮೊದಲು ಐದನೇ ಗೇರಿನಲ್ಲಿ 1800ಕ್ಕೆ ಹೋಗುತ್ತಿದ್ದ ವೇಗದಲ್ಲೇ ಈಗ ಆರ್‌ಪಿಎಂ 1590ರ ಆಸುಪಾಸು. ಗಾಳಿ ಎದುರಿದ್ದರೆ, ಸ್ವಲ್ಪ ಏರು ಇದ್ದರೆ ಅಲ್ಲಿ ಎಳೆಯುವುದಿಲ್ಲ. ನೀವು ನಾಲ್ಕಕ್ಕೆ ಇಳಿಸಿದ್ದು ಸರಿಯಾಗೇ ಇದೆ. ಒತ್ತಿಕೊಂಡು ಐದರಲ್ಲೇ ಓಡಿಸಿದ್ದರೆ ಇಂಜಿನ್‌ಗೆ ಕೆಟ್ಟದಾಗುತ್ತಿತ್ತು.

ಮೈಲೇಜ್ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಲೆಕ್ಕದಲ್ಲಿ ಒಂದು ತಪ್ಪು ಇದೆ, ಅದು ಹತ್ತರಲ್ಲಿ ಒಂಬತ್ತು ಜನ ಮಾಡುವ ತಪ್ಪು. ಕಿಲೋಮೀಟರ್ ಮೀಟರಿಗೆ ಟೈರ್ ದೊಡ್ಡದಾಗಿದೆ ಅಂತ ಗೊತ್ತಿಲ್ಲ. ಅದು 100 ಕಿ.ಮೀ. ತೋರಿಸಿದಾಗ ನೀವು ನಿಜವಾಗಿ 113 ಕಿ.ಮೀ. ಹೋಗಿರುತ್ತೀರಿ. ಹಾಗಾಗಿ ನಿಮ್ಮ 10.5 ಅನ್ನು 1.134ರಿಂದ ಗುಣಿಸಿ. ಸುಮಾರು 11.9 ಬಂತು. ಕಳೆದುಕೊಂಡಿದ್ದು ಲೀಟರಿಗೆ ಎರಡು ಕಿಲೋಮೀಟರ್ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಟೈರಿನ ತೂಕ, ದಪ್ಪ ಗಟ್ಟೆ (ಟೈರ್ ಮೇಲಿನ ಉಬ್ಬು), ಎತ್ತರಕ್ಕೆ ತಾಗುವ ಗಾಳಿ, ಇವುಗಳಿಂದ ಅಷ್ಟು ಹೋಗುವುದು ಸಹಜ. ಇದೇ ಕಾರಣಕ್ಕೆ "ಗೇರ್ ರೇಶಿಯೋ ಬದಲಿಸಿದರೆ ಮೈಲೇಜ್ ವಾಪಸ್ ಬರ್ತದೆ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಹಾಗೆಯೇ "ದೊಡ್ಡ ಟೈರ್ ಹಾಕಿದರೆ ಆರ್‌ಪಿಎಂ ಇಳಿದು ಡೀಸೆಲ್ ಉಳಿಯುತ್ತದೆ" ಅನ್ನುವುದನ್ನೂ ನಂಬಬೇಡಿ.

ಸ್ಪೀಡೋಮೀಟರ್ ಕೂಡ ಹೀಗೇ. 80 ತೋರಿಸುವಾಗ ನಿಜವಾಗಿ ನೀವು 90ರ ಮೇಲೆ ಇದ್ದಿರಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಆತಂಕವೇ ಆಗುತ್ತದೆ, ಯಾಕೆಂದರೆ ಬ್ರೇಕ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ನೀವೂ ಕೇಳಿಲ್ಲ. ಬ್ರೇಕ್ ಪೆಡಲನ್ನು ಅಷ್ಟೇ ಒತ್ತಿದರೆ, ಟೈರ್ ನೆಲವನ್ನು ಹಿಡಿದು ನಿಲ್ಲಿಸುವ ಬಲ ಈಗ 12 ಪರ್ಸೆಂಟ್ ಕಮ್ಮಿ. ಟೈರ್ ತೂಕವೂ ಜಾಸ್ತಿ, ನಿಜವಾದ ವೇಗವೂ ಜಾಸ್ತಿ. ಕ್ರೌನ್-ಪಿನಿಯನ್ ಬದಲಿಸಿದರೆ ಇಂಜಿನ್ ಬ್ರೇಕಿಂಗ್ ಮಾತ್ರ ಸುಧಾರಿಸುತ್ತದೆ. ಪೆಡಲ್ ಬ್ರೇಕಿಗೆ ಅದರಿಂದ ಏನೂ ಸಿಗುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ರೀಮ್ಯಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಿಂದ ಓಡುವಾಗ ಟಾರ್ಕ್ ಜಾಸ್ತಿ ಸಿಗಬಹುದು. ಆದರೆ ನಿಮ್ಮ ಕ್ಲಚ್ ಸುಟ್ಟಿದ್ದು ಓಡುವಾಗ ಅಲ್ಲ, ನಿಂತಲ್ಲಿಂದ ಏಳುವಾಗ. ಆಗ ಇಂಜಿನ್ ಸಾವಿರದ ಆಸುಪಾಸಿನಲ್ಲಿ ಇರುತ್ತದೆ, ಟರ್ಬೊ ಮಲಗಿರುತ್ತದೆ. ಮೊದಲನೇ ಗೇರ್ ಉದ್ದ ಆದ ಕಾರಣ ಕ್ಲಚ್ ಜಾಸ್ತಿ ಹೊತ್ತು ಜಾರಬೇಕಾಯಿತು, ಸುಟ್ಟಿತು. ರೀಮ್ಯಾಪ್ ಅದಕ್ಕೆ ಮದ್ದಲ್ಲ.

ಅದಕ್ಕೆ ಮದ್ದು ನಿಮ್ಮ ಗಾಡಿಯಲ್ಲೇ ಇದೆ. ಟ್ರೇಲರ್ ಕಟ್ಟಿ ಹಳ್ಳದ ದಂಡೆ ಹತ್ತಿಸುವಾಗ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಕಮ್ಮಿ ವೇಗದಲ್ಲಿ ಜಾಸ್ತಿ ಎಳೆತ ಕೊಡುವ ಲೋ ರೇಂಜ್) ಹಾಕಿದ್ದಿರಾ? ನೀವು ಬರೆದಿಲ್ಲ, ಹಾಕಿರಲಿಕ್ಕಿಲ್ಲ ಅಂತ ನನ್ನ ಊಹೆ. ನಮ್ಮ ಕಡೆ ಬಹಳ ಜನ ಫೋರ್ ಲೋ ಅಂದರೆ ಪೂರ್ತಿ ಹೂತಾಗ ಮಾತ್ರ ಅಂದುಕೊಂಡಿದ್ದಾರೆ. ದೊಡ್ಡ ಟೈರ್‌ನಿಂದ ನೀವು ಕಳೆದುಕೊಂಡಿದ್ದು 12 ಪರ್ಸೆಂಟ್ ಎಳೆತ. ಲೋ ರೇಂಜ್ ಕೊಡುವುದು ಹೆಚ್ಚು ಕಡಿಮೆ ಎರಡೂವರೆ ಪಟ್ಟು. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಲೋ ಹಾಕಿ, ಎರಡನೇ ಗೇರಿನಲ್ಲಿ ಬಿಡಿ. ಕ್ಲಚ್ ಪೂರ್ತಿ ಬಿಟ್ಟು ಕಾಲು ತೆಗೆದರೂ ಗಾಡಿ ತೆವಳಿಕೊಂಡು ಹತ್ತುತ್ತದೆ. ಮಣ್ಣಿನ ದಾರಿಯಲ್ಲಿ ಮಾತ್ರ ಇದು, ಒಣ ಡಾಂಬರಿನ ಮೇಲೆ ಬೇಡ.

ಈಗ ರೇಶಿಯೋ ಲೆಕ್ಕ. ಇದು ಕಷ್ಟ ಅಲ್ಲ. ಹಳೇ ರೇಶಿಯೋವನ್ನು ಟೈರ್ ಎತ್ತರದ ಅನುಪಾತದಿಂದ ಗುಣಿಸಿದರೆ ಸಾಕು. ಸುಲಭ ಆಗಲಿ ಅಂತ ಗಾಡಿಯಲ್ಲಿ 4.10 ಇದೆ ಅಂದುಕೊಳ್ಳಿ. 4.10 × 1.134 = 4.65. ಈ ಸಂಖ್ಯೆಯ ಸೆಟ್ ಅಂಗಡಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ರೇಶಿಯೋ ಹುಟ್ಟುವುದು ಹಲ್ಲಿನ ಲೆಕ್ಕದಿಂದ. 41 ಹಲ್ಲಿನ ಕ್ರೌನ್‌ಗೆ 9 ಹಲ್ಲಿನ ಪಿನಿಯನ್ ಹಾಕಿದರೆ 4.56. 39ಕ್ಕೆ 8 ಹಾಕಿದರೆ 4.88. ಎರಡರ ನಡುವೆ ಆರಿಸಬೇಕು. 80 ಕಿ.ಮೀ. ನಿಜ ವೇಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹಳೇ ಟೈರಿನಲ್ಲಿ ನಿಮಿಷಕ್ಕೆ ಸುಮಾರು 2365 ಸುತ್ತು ತಿರುಗುತ್ತಿತ್ತು. ದೊಡ್ಡ ಟೈರಿಗೆ ಅದು 2085ಕ್ಕೆ ಇಳಿಯುತ್ತದೆ. 4.56 ಹಾಕಿದರೆ 2320, 4.88 ಹಾಕಿದರೆ 2485. ಹೈವೇ ಜಾಸ್ತಿ ಇರುವವರು 4.56 ಕಡೆ ವಾಲಬೇಕು. ಭಾರ, ಟ್ರೇಲರ್, ಕಾಡುದಾರಿ ಜಾಸ್ತಿ ಇರುವವರು 4.88 ಕಡೆ. ದೊಡ್ಡ ಟೈರಿನ ತೂಕವೂ ಸೇರುವುದರಿಂದ ಲೆಕ್ಕಕ್ಕಿಂತ ಒಂದು ಚೂರು ಜಾಸ್ತಿ ಸಂಖ್ಯೆ ಆರಿಸುವುದು ಸಾಮಾನ್ಯ. ಆದರೆ ಸಂಖ್ಯೆ ಏರಿದ ಹಾಗೆ ಪಿನಿಯನ್ ಹಲ್ಲು ಕಮ್ಮಿಯಾಗಿ ಅದರ ತಲೆ ಸಣ್ಣದಾಗುತ್ತದೆ. ಒಂದೇ ಹೌಸಿಂಗ್ ಒಳಗೆ 10 ಹಲ್ಲಿನ ಪಿನಿಯನ್‌ಗೆ ಇರುವ ಗಟ್ಟಿತನ 8 ಹಲ್ಲಿನದಕ್ಕೆ ಇರುವುದಿಲ್ಲ.

4.10 ಅಂತ ನಾನು ಉದಾಹರಣೆಗೆ ಹಿಡಿದೆ. ನಿಮ್ಮ ಗಾಡಿಯಲ್ಲಿ ಏನಿದೆ ಅಂತ ಬ್ರೋಷರ್ ನೋಡಿ ಅಥವಾ ಯಾರನ್ನೋ ಕೇಳಿ ನಂಬಬೇಡಿ, ಎಣಿಸಿ. ಒಂದು ಹಿಂದಿನ ಚಕ್ರ ಮಾತ್ರ ಜಾಕ್ ಹಚ್ಚಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಇಡಿ. ಟೂ ವೀಲ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಟೈರಿನ ಮೇಲೆ ಒಂದು ಸೀಮೆಸುಣ್ಣದ ಗೆರೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಗೆರೆ. ಚಕ್ರವನ್ನು ಕೈಯಿಂದ ನಿಧಾನವಾಗಿ ಸರಿಯಾಗಿ 20 ಸುತ್ತು ತಿರುಗಿಸಿ. ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನಿಂತಿರುವುದರಿಂದ ಕ್ರೌನ್ ತಿರುಗುವುದು ಅರ್ಧ, ಅಂದರೆ 10 ಸುತ್ತು. ಶಾಫ್ಟ್ 41 ಸುತ್ತು ಬಂದರೆ 4.10, 43 ಬಂದರೆ 4.30. ಮನೆಯ ಹುಡುಗರನ್ನು ಎಣಿಸಲು ಕೂರಿಸಿ, ಅವರಿಗೆ ಖುಷಿ, ನಿಮಗೆ ಸರಿಯಾದ ಲೆಕ್ಕ.

ಎರಡೂ ಕಡೆ ಬದಲಿಸುವ ದಾರಿಯನ್ನೇ ಹಿಡಿಯುತ್ತೀರಿ ಅಂದರೆ ಅದು ಎಂಥ ಕೆಲಸ ಅಂತ ತಿಳಿದಿರಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಮಸೆದು ಬರುತ್ತವೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಇರುತ್ತದೆ. ಬೇರೆ ಬೇರೆ ಜೋಡಿಯ ತುಂಡುಗಳನ್ನು ಸೇರಿಸಿದರೆ ಎಂಥ ಒಳ್ಳೇ ಕೈ ಆದರೂ ಶಬ್ದ ನಿಲ್ಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಸೆಟ್ ನನಗೆ ಇಷ್ಟ ಇಲ್ಲದಿರುವುದು ಇದಕ್ಕೂ ಹೌದು. ಅದು ಬೇರೆ ಗಾಡಿಯಲ್ಲಿ ಹೇಗೆ ಕೂತಿತ್ತೋ ಹಾಗೆ ಸವೆದಿರುತ್ತದೆ. ಅದು ನಿಮ್ಮ ಹೌಸಿಂಗ್‌ಗೆ ಕೂರುತ್ತದೆಯಾ ಅನ್ನುವುದೇ ಇನ್ನೊಂದು ಪ್ರಶ್ನೆ.

ಹಾಕುವಾಗ ಪಿನಿಯನ್ ಎಷ್ಟು ಒಳಗೆ ಕೂರಬೇಕು, ಬೇರಿಂಗ್ ಎಷ್ಟು ಬಿಗಿ ಇರಬೇಕು, ಹಲ್ಲುಗಳ ನಡುವೆ ಎಷ್ಟು ಸಡಿಲ ಇರಬೇಕು ಅನ್ನುವುದನ್ನೆಲ್ಲ ಶಿಮ್ ಅನ್ನುವ ತೆಳು ಲೋಹದ ಬಿಲ್ಲೆಗಳಿಂದ ಹೊಂದಿಸಬೇಕು. ಹಲ್ಲುಗಳ ನಡುವಿನ ಈ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ನಡುವೆ. ಇದನ್ನು ಬೆರಳಿನಿಂದ ಅಲ್ಲಾಡಿಸಿ ಹೇಳಲಿಕ್ಕೆ ಆಗುವುದಿಲ್ಲ, ಡಯಲ್ ಗೇಜ್ ಬೇಕು. ಆಮೇಲೆ ಹಲ್ಲಿಗೆ ಮಾರ್ಕಿಂಗ್ ಬಣ್ಣ ಹಚ್ಚಿ ತಿರುಗಿಸಿದರೆ ಎಲ್ಲಿ ಎಲ್ಲಿ ತಾಗುತ್ತದೆ ಅನ್ನುವ ಗುರುತು ಬೀಳುತ್ತದೆ. ಆ ಗುರುತು ಹಲ್ಲಿನ ನಡುವೆ ಕೂರಬೇಕು. ತುದಿಗೆ ಬಂದರೆ ಅಥವಾ ಬುಡಕ್ಕೆ ಇಳಿದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ನಾನು ಒಂದೇ ಪಿನಿಯನ್ ಅನ್ನು ಐದು ಸಲ ತೆಗೆದು ಹಾಕಿದ್ದೂ ಇದೆ. ಬೆಳಿಗ್ಗೆ ಗಾಡಿ ಬಿಡಿ, ಸಂಜೆ ಒಯ್ಯಿರಿ ಅನ್ನುವವರಿಗೆ ಈ ಕೆಲಸ ಕೊಡಬೇಡಿ. ನಿಮ್ಮ ಮೆಕ್ಯಾನಿಕ್ ಹತ್ತಿರ ಡಯಲ್ ಗೇಜ್ ಇದೆಯಾ ಅಂತ ಕೇಳಿ. ಅದನ್ನು ತೋರಿಸುವಾಗ ಅವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಖರ್ಚು ಕೂಡ ಬರೀ ಕ್ರೌನ್-ಪಿನಿಯನ್‌ದಲ್ಲ. ಬೇರಿಂಗ್, ಸೀಲ್, ಶಿಮ್, ಆಯಿಲ್, ಕೂಲಿ, ಎಲ್ಲವೂ ಎರಡು ಸಲ. ನಿಮ್ಮ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ, ಹಿಂದಿನ ಹಾಗೆ ಇಡೀ ಆಕ್ಸಲ್ ಅಲ್ಲ. ಮುಂದಿನ ಡಿಫರೆನ್ಷಿಯಲ್‌ಗೂ ಅದೇ ರೇಶಿಯೋದ ಹೊಸ ಸೆಟ್ ನಿಜವಾಗಿ ಸಿಗುತ್ತದೆ ಅಂತ ಕೈಯಲ್ಲಿ ಹಿಡಿದು ನೋಡುವವರೆಗೆ ಹಿಂದಿನದನ್ನು ಬಿಚ್ಚಲು ಬಿಡಬೇಡಿ. ಹಾಕಿದ ಮೇಲೆ ಮೊದಲ ಸಲ 25-30 ಕಿ.ಮೀ. ನಿಧಾನವಾಗಿ ಓಡಿಸಿ, ಪೂರ್ತಿ ಆರಲು ಬಿಡಿ. 800 ಕಿ.ಮೀ. ಆಗುವವರೆಗೆ ಟ್ರೇಲರ್ ಕಟ್ಟಬೇಡಿ. ಆಮೇಲೆ ಗೇರ್ ಆಯಿಲ್ ಇಳಿಸಿ ಹೊಸದು ಹಾಕಿ. ಇದನ್ನು ಬಿಟ್ಟ ಸೆಟ್‌ಗಳೇ ಆಮೇಲೆ ಗುಂಯ್ ಅಂತ ಕೂಗುತ್ತಾ ನಮ್ಮ ಹತ್ತಿರ ಬರುತ್ತವೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಬೇಕಲ್ವಾ. ನಿಮಗೆ 33 ಇಂಚಿನ ಟೈರ್ ಬೇಡ ಅಂತ ನನಗನ್ನಿಸುತ್ತದೆ.

ಕಾರಣ ನಿಮ್ಮ ಮಣ್ಣು. ಎರೆ ಮಣ್ಣಿನ ಗುಣ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಗಸ್ಟ್‌ನಲ್ಲಿ ಒಂದು ಹದ ಮಳೆ ಬಿದ್ದು ಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಒಂದೊಂದು ಸೇರು ಭಾರ ಆಗುತ್ತದೆ. ಟೈರಿಗೂ ಅದೇ ಆಗುತ್ತದೆ. ಗಟ್ಟೆಗಳ ಸಂದಿಗೆ ಮಣ್ಣು ಮೆತ್ತಿಕೊಂಡು ಟೈರ್ ನುಣ್ಣಗೆ ಉಂಡೆ ಆಗಿಬಿಡುತ್ತದೆ. ಆಮೇಲೆ ಅದು ಮಡ್‌ಗಾರ್ಡ್ ಒಳಗೆ ತುಂಬುತ್ತದೆ. ಅಗಲ ಜಾಸ್ತಿ ಇದ್ದಷ್ಟೂ ಮೆತ್ತುವುದು ಜಾಸ್ತಿ, ಮಡ್‌ಗಾರ್ಡಿಗೂ ಟೈರಿಗೂ ಜಾಗ ಕಮ್ಮಿ ಇದ್ದಷ್ಟೂ ಸಿಕ್ಕಿಕೊಳ್ಳುವುದು ಜಾಸ್ತಿ. 285ರ ಟೈರ್ ಎರಡನ್ನೂ ಕೆಟ್ಟದ್ದು ಮಾಡುತ್ತದೆ. ಅದರಿಂದ ಆಕ್ಸಲ್ ಕೆಳಗೆ ನಿಮಗೆ ಸಿಗುವ ಎತ್ತರ 49 ಮಿ.ಮೀ. ಮಾತ್ರ, ಯಾಕೆಂದರೆ ಟೈರ್ ಎಷ್ಟು ದೊಡ್ಡದಾದರೂ ಆಕ್ಸಲ್ ಏರುವುದು ಅದರ ಅರ್ಧ.

ನಾನಾಗಿದ್ದರೆ 245/75 ಆರ್ 16 ಅಳತೆಯ ಮಡ್ ಟೈರ್ ಹಾಕುತ್ತಿದ್ದೆ. ಎತ್ತರ 774 ಮಿ.ಮೀ., ಬದಲಾವಣೆ ಐದು ಪರ್ಸೆಂಟ್. ಗಟ್ಟೆಗಳ ಸಂದಿ ಅಗಲ ಇರುವಂಥದ್ದು, ತಿರುಗುವಾಗ ಮಣ್ಣನ್ನು ತಾನೇ ಎಸೆಯುವಂಥದ್ದು ಆರಿಸಿ. ಟ್ರ್ಯಾಕ್ಟರ್ ಟೈರ್ ನೋಡಿದ್ದೀರಲ್ಲ, ಅದರ ಗಟ್ಟೆ ದೂರ ದೂರ ಇರುವುದು ಇದಕ್ಕೇ. ಐದು ಪರ್ಸೆಂಟ್‌ಗೆ ಗೇರ್ ಬದಲಿಸಬೇಕಿಲ್ಲ, ಐದನೇ ಗೇರ್ ಹೆಚ್ಚು ಕಡಿಮೆ ಮೊದಲಿನ ಹಾಗೇ ಎಳೆಯುತ್ತದೆ, ಬ್ರೇಕ್ ಕೂಡ. ಹೊಲದ ದಾರಿಗೆ ಇಳಿಯುವ ಮುಂಚೆ ಗಾಳಿ 18-20 ಪಿಎಸ್‌ಐಗೆ ಇಳಿಸಿ. ಟೈರ್ ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ. ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಲೇಬೇಕು, ಅದಕ್ಕೊಂದು 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಗಾಳಿ ಇಳಿಸಿ ಹೈವೇ ಓಡಿಸಿದರೆ ಟೈರ್ ಕಾದು ಒಡೆಯುತ್ತದೆ.

ನಡುವಿನ ದಾರಿ 265/75 ಆರ್ 16, ಒಂಬತ್ತು ಪರ್ಸೆಂಟ್ ಬದಲಾವಣೆ. ಗೇರ್ ಬದಲಿಸದೆ ಓಡಿಸುವವರು ಇದ್ದಾರೆ. ಆದರೆ ನೀವು ಟ್ರೇಲರ್ ಎಳೆಯುವವರು, ನಿಮ್ಮ ಕ್ಲಚ್ ಒಂದು ಸಲ ವಾಸನೆ ಕೊಟ್ಟಿದೆ. ನಾನು ಹೂಂ ಅನ್ನುವುದಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಇದನ್ನು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಟೈರ್ ಅಳತೆ ಬದಲಿಸುವ ಮುಂಚೆ, ಅದು 245 ಆದರೂ ಸರಿ, ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಅವರು ಬೇಡ ಅಂದರೆ 235/70 ಅಳತೆಯಲ್ಲೇ ಮಡ್ ಟೈರ್ ಹಾಕಿ. ಎತ್ತರದ 19 ಮಿ.ಮೀ. ಹೋಗುತ್ತದೆ ಅಷ್ಟೇ. ಗಟ್ಟೆ, ಕಮ್ಮಿ ಗಾಳಿ, ಫೋರ್ ಲೋ, ಈ ಮೂರೂ ನಿಮ್ಮ ಹತ್ತಿರ ಇದ್ದೇ ಇರುತ್ತವೆ.

ಗೆಳೆಯನ ಟೈರ್ ವಾಪಸ್ ಕೊಟ್ಟ ಮೇಲೆ ಎರಡು ಕೆಲಸ ಮಾಡಿ. ಒಂದು, ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಆಗಲೇ ಸವೆದಿದೆ, ಯಾವ ಟೈರ್ ಹಾಕುವುದಕ್ಕೂ ಮುಂಚೆ ಅದನ್ನು ಸರಿ ಮಾಡಿಸಿ. ಇನ್ನೊಂದು, ಮುಂದಿನ ಎರಡೂ ಚಕ್ರದ ಒಳಗಡೆ ಶಾಫ್ಟಿನ ರಬ್ಬರ್ ಬೂಟ್ ಹರಿದಿದೆಯಾ, ಗ್ರೀಸ್ ಚೆಲ್ಲಿದೆಯಾ ನೋಡಿ. ಒಂದು ತಿಂಗಳು ಭಾರದ ಟೈರ್ ಹೊತ್ತಿವೆ. ಸೀಮೆಸುಣ್ಣದ ಗೆರೆ ಹಾಕಿ ಎಣಿಸಿದ ಸಂಖ್ಯೆ ಬರೆದು ಕಳಿಸಿ, ಆ ಲೆಕ್ಕ ನಾವಿಬ್ಬರೂ ಸೇರಿ ಇನ್ನೊಂದು ಸಲ ನೋಡೋಣ.